ಕಚ್ಚುವ ನಾಯಿಯೂ ಊರಿನ ಕಟ್ಟಳೆಯೂ

ಪಟ್ಟಣಗಳಲ್ಲಿ ಮನೆಯ ಹೊರಬಾಗಿಲಿಗೆ "ನಾಯಿ ಇದೆ, ಎಚ್ಚರಿಕೆ" ಎಂಬ ಹಲಗೆಯನ್ನು ತೂಗುಹಾಕಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಹಲಗೆ ಇರುವ ಮನೆಯಲ್ಲಿ ಕೆಲವು ವೇಳೆ ನಾಯಿಯೇ ಇರುವುದಿಲ್ಲ. ನಾಯಿ ಇರುವ ಮನೆಯಲ್ಲಿ ಎಷ್ಟೋ ವೇಳೆ ಹಲಗೆ ಇರುವುದಿಲ್ಲ. ಎರಡೂ ಇದ್ದ ಕಡೆಯಲ್ಲಿ ಸಹ, ಎಚ್ಚರದಿಂದಿರಬೇಕಾದ ಹೊಣೆಯನ್ನು ಆ ಹಲಗೆ ನಾಯಿಯ ಒಡೆಯನ ಹೆಗಲಿನಿಂದ ಇಳಿಸಿ ದಾರಿಹೋಕನ ಹೆಗಲಿಗೆ ಏರಿಸುತ್ತದೆ. ಅಂಚೆಯವನು ಹಲಗೆಯನ್ನು ಓದಿ ನಿಂತಾನು. ಓದುಬಾರದ ನಾಲ್ಕು ವರ್ಷದ ಮಗು ನಿಲ್ಲುವುದಿಲ್ಲ.

ಈ ಹೊಣೆಯನ್ನು ಒಡೆಯನಿಗೇ ಹಿಂದಿರುಗಿಸುವ ಉದ್ದೇಶದಿಂದ ಪ್ರಪಂಚದ ಅನೇಕ ನಗರಗಳು ಅಪಾಯಕರವಾದ ನಾಯಿಗಳನ್ನು ಸಾಕುವವರಿಗೆ ಪ್ರತ್ಯೇಕ ಕಟ್ಟಳೆಗಳನ್ನು ವಿಧಿಸಿವೆ. ಅವುಗಳನ್ನು ಓದುತ್ತ ಹೋದರೆ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುವುದು: ಯಾವ ನಾಯಿ ಅಪಾಯಕರವೆಂಬುದನ್ನು ಕಾನೂನು ಹೇಗೆ ಅರಿಯಬೇಕು? ಹಾವಿನಲ್ಲಾದರೆ ವಿಷವುಳ್ಳ ಜಾತಿ, ವಿಷವಿಲ್ಲದ ಜಾತಿ ಎಂಬ ಸ್ಪಷ್ಟವಾದ ಭೇದವುಂಟು. ಚೇಳಿನ ವಿಷಯದಲ್ಲಿ ಸಂದೇಹವೇ ಇಲ್ಲ. ಆದರೆ ನಾಯಿಗಳೆಲ್ಲವೂ ಒಂದೇ ಜಾತಿಯ ಪ್ರಾಣಿಗಳು. ಎಲ್ಲಕ್ಕೂ ನಲವತ್ತೆರಡು ಹಲ್ಲುಗಳು. ಅವುಗಳಲ್ಲಿ ಬಹುಪಾಲು ತಮ್ಮ ಆಯುಷ್ಯದಲ್ಲಿ ಯಾರನ್ನೂ ಗಾಯಗೊಳಿಸದೆಯೇ ಸತ್ತುಹೋಗುತ್ತವೆ. ಉಳಿದವುಗಳನ್ನು ಮೊದಲೇ ಗುರುತಿಸುವುದು ಹೇಗೆ? ಶಾಸನಕರ್ತರು ಇದಕ್ಕೆ ಎರಡು ದಾರಿಗಳನ್ನು ಹಿಡಿದಿದ್ದಾರೆ. ನಾಯಿಯ ತಳಿಯನ್ನು ನೋಡಿ ತೀರ್ಮಾನಿಸುವುದು ಒಂದು. ಅದರ ನಡತೆಯನ್ನು ನೋಡಿ ತೀರ್ಮಾನಿಸುವುದು ಇನ್ನೊಂದು. ಎರಡನ್ನೂ ಪ್ರಯೋಗಿಸಿ ನೋಡಿರುವುದರಿಂದ, ಯಾವುದು ಎಷ್ಟರಮಟ್ಟಿಗೆ ಫಲಿಸಿತೆಂಬುದನ್ನು ಇಂದು ನಾವು ವಿಚಾರಿಸಬಹುದಾಗಿದೆ.

ಪ್ರಾಚೀನರಿಗೂ ಈ ತೊಡಕು ತಿಳಿದಿತ್ತು. ಕಚ್ಚಿದ ನಾಯಿಯ ಕೊರಳಿಗೆ ಮೂರು ಮೊಳದ ಮರದ ಕೊರಡನ್ನು ಕಟ್ಟಿ ಒಪ್ಪಿಸತಕ್ಕದ್ದೆಂದು ಅಥೆನ್ಸಿನ ಸೋಲನ್ ವಿಧಿಸಿದ್ದನೆಂದು ಪ್ಲೂಟಾರ್ಕ್ ಬರೆದಿದ್ದಾನೆ. ರೋಮ್ ನಗರದಲ್ಲಿ ಬೀದಿ ಮತ್ತು ಸಂತೆಗಳ ಮೇಲ್ವಿಚಾರಣೆ ನಡೆಸುತ್ತಿದ್ದ ಈಡೈಲರೆಂಬ ಅಧಿಕಾರಿಗಳು, ಜನ ನಡೆದಾಡುವ ಕಡೆ ನಾಯಿ, ಹಂದಿ, ತೋಳ, ಕರಡಿ, ಸಿಂಹ ಮೊದಲಾದುವನ್ನು ಇರಿಸಕೂಡದೆಂದು ಆಜ್ಞೆ ಹೊರಡಿಸಿದ್ದರು. ಸಿಂಹದ ಸಾಲಿನಲ್ಲಿ ನಾಯಿಗೂ ಸ್ಥಾನ ದೊರೆತಿರುವುದನ್ನು ವಾಚಕರು ಗಮನಿಸಬೇಕು. ನಮ್ಮ ದೇಶದ ಯಾಜ್ಞವಲ್ಕ್ಯಸ್ಮೃತಿಯಾದರೋ ಪ್ರಾಣಿಯ ಹೆಸರನ್ನು ಬಿಟ್ಟು ಒಡೆಯನ ನಡತೆಯ ಕಡೆಗೇ ದೃಷ್ಟಿ ಹಾಯಿಸುತ್ತದೆ. ಕೋರೆಯುಳ್ಳ ಅಥವಾ ಕೊಂಬುಳ್ಳ ಪ್ರಾಣಿ ಒಬ್ಬನ ಮೇಲೆ ಬಿದ್ದಾಗ, ಬಿಡಿಸಲು ಶಕ್ತನಾಗಿದ್ದೂ ಬಿಡಿಸದೆ ಹೋದ ಒಡೆಯನಿಗೆ ದಂಡವನ್ನೂ, ಆಪತ್ತಿಗೊಳಗಾದವನು ಕೂಗಿಕೊಂಡ ಮೇಲೂ ಸುಮ್ಮನಿದ್ದರೆ ಅದರ ಇಮ್ಮಡಿಯನ್ನೂ ಅದು ವಿಧಿಸುತ್ತದೆ. ಈ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. "ನಿನ್ನ ನಾಯಿ ಎಂಥದು?" ಎಂಬುದಕ್ಕಿಂತ "ನೀನು ಏನು ಮಾಡಿದೆ?" ಎಂಬ ಪ್ರಶ್ನೆ ಆಗಲೇ ಕನ್ನಡನಾಡಿನ ನೆಲದಲ್ಲಿ ಚರ್ಚೆಗೊಳಗಾಗಿತ್ತೆಂದಾಯಿತು.

ಇಂಗ್ಲೆಂಡಿನ ನ್ಯಾಯಪದ್ಧತಿಯಲ್ಲಿ ಬಹುಕಾಲ ನಡೆದುಬಂದ ತತ್ತ್ವವೇ ಬೇರೆ. ತನ್ನ ನಾಯಿಗೆ ಕಚ್ಚುವ ಸ್ವಭಾವವಿದೆಯೆಂದು ಒಡೆಯನಿಗೆ ಮುಂಚೆಯೇ ತಿಳಿದಿತ್ತೆಂಬುದು ಸಿದ್ಧವಾದರೆ ಮಾತ್ರ ಅವನು ನಷ್ಟಕ್ಕೆ ಹೊಣೆಗಾರ. ಹಾಗಾದರೆ ಮೊದಲನೆಯ ಕಡಿತಕ್ಕೆ ಹೊಣೆ ಯಾರು? ನಾಯಿಗೆ ಒಂದು ಕಡಿತ ಉಚಿತವೆಂದು ಜನ ಇದನ್ನು ಹಾಸ್ಯಮಾಡುತ್ತಿದ್ದುದು ಸಹಜವೇ. 1871ರಲ್ಲಿ ಅಲ್ಲಿ ಜಾರಿಗೆ ಬಂದ ನಾಯಿಗಳ ಕಾಯಿದೆ, ಅಪಾಯಕರವಾದ ನಾಯಿಯನ್ನು ಹತೋಟಿಯಲ್ಲಿಡಬೇಕೆಂದೋ ಕೊಲ್ಲಬೇಕೆಂದೋ ಆಜ್ಞಾಪಿಸುವ ಅಧಿಕಾರವನ್ನು ಸ್ಥಳೀಯ ನ್ಯಾಯಾಧಿಕಾರಿಗಳಿಗೆ ಕೊಟ್ಟಿತು.

ಕಾನೂನಿನ ವಿಚಾರವನ್ನು ಇಲ್ಲಿಗೆ ನಿಲ್ಲಿಸಿ, ನಾಯಿ ಏಕೆ ಕಚ್ಚುತ್ತದೆಂಬುದನ್ನು ಸ್ವಲ್ಪ ನೋಡೋಣ. ಇದು ತಿಳಿಯದೆ ಕಟ್ಟಳೆಗಳ ಗುಣದೋಷ ತಿಳಿಯುವುದಿಲ್ಲ.

ಬೇಟೆಯ ಪ್ರವೃತ್ತಿಯೊಂದನ್ನು ಬಿಟ್ಟರೆ, ನಾಯಿ ಮನುಷ್ಯನನ್ನು ಕಚ್ಚುವುದು ಸಾಮಾನ್ಯವಾಗಿ ಭಯದಿಂದ, ನೋವಿನಿಂದ, ಅಥವಾ ತನ್ನ ಆಹಾರ, ಮರಿ, ನೆಲೆಗಳಿಗೆ ಕೇಡುಂಟಾಗುವುದೆಂಬ ಶಂಕೆಯಿಂದ. ಕಚ್ಚುವುದಕ್ಕೆ ಮುಂಚೆ ಅದು ಎಷ್ಟೋ ಮುನ್ಸೂಚನೆಗಳನ್ನು ಕೊಡುತ್ತದೆ. ಮುಖವನ್ನು ಪಕ್ಕಕ್ಕೆ ತಿರುಗಿಸುವುದು, ತುಟಿಯನ್ನು ನೆಕ್ಕುವುದು, ಕಣ್ಣಿನ ಬಿಳುಪು ಕಾಣುವಂತೆ ಓರೆಯಾಗಿ ನೋಡುವುದು, ಮೈಯನ್ನು ಬಿಗಿಹಿಡಿದು ಕಲ್ಲಿನಂತೆ ನಿಲ್ಲುವುದು, ಆಮೇಲೆ ಗುರುಗುಟ್ಟುವುದು, ಹಲ್ಲು ಕಿಸಿಯುವುದು, ಗಾಳಿಯಲ್ಲಿ ಬಾಯಿ ಹಾಕುವುದು. ಇಷ್ಟಾದ ಮೇಲೆ ಕಡಿತ. ಈ ಮೆಟ್ಟಿಲುಗಳಲ್ಲಿ ಮೊದಲಿನವು ಮನುಷ್ಯರ ಕಣ್ಣಿಗೆ ಬೀಳುವುದೇ ಇಲ್ಲ, ಮಕ್ಕಳ ಕಣ್ಣಿಗಂತೂ ಸುತರಾಂ ಇಲ್ಲ. ಹಲ್ಲು ಕಿಸಿದ ನಾಯಿಯನ್ನು ನಗುತ್ತಿದೆಯೆಂದು ತಿಳಿದು ತಬ್ಬಿಕೊಳ್ಳಹೋಗುವ ಮಕ್ಕಳುಂಟು. ಚಿಕ್ಕ ಮಕ್ಕಳಿಗೆ ತಗಲುವ ಗಾಯಗಳು ಮುಖ, ತಲೆ, ಕುತ್ತಿಗೆಗಳ ಮೇಲೆಯೇ ಹೆಚ್ಚಾಗಿರುವುದಕ್ಕೆ ಕಾರಣ ಸ್ಪಷ್ಟವಾಗಿದೆ: ಮಗುವಿನ ಮುಖ ನಾಯಿಯ ಬಾಯಿಯ ಎತ್ತರದಲ್ಲಿಯೇ ಇರುವುದು. ಇನ್ನೊಂದು ಸಂಗತಿ. ಗುರುಗುಟ್ಟಿದಾಗಲೆಲ್ಲ ಹೊಡೆತ ತಿಂದ ನಾಯಿ ಗುರುಗುಟ್ಟುವುದನ್ನು ಬಿಟ್ಟೀತೇ ಹೊರತು ಹೆದರುವುದನ್ನು ಬಿಡುವುದಿಲ್ಲ. ಅಂಥ ನಾಯಿ ನಡುವಣ ಮೆಟ್ಟಿಲುಗಳನ್ನು ಹಾರಿ ನೇರವಾಗಿ ಕಡಿತಕ್ಕೆ ಇಳಿಯುತ್ತದೆ. "ಯಾವ ಸೂಚನೆಯನ್ನೂ ಕೊಡದೆ ಕಚ್ಚಿಬಿಟ್ಟಿತು" ಎಂದು ಒಡೆಯರು ಹೇಳುವುದನ್ನು ಕೇಳಿದಾಗ, ಸೂಚನೆ ಕೊಡದಂತೆ ಅದಕ್ಕೆ ಕಲಿಸಿದವರು ಯಾರೆಂದು ಕೇಳಬೇಕೆನಿಸುತ್ತದೆ.

ನಾಯಿಯ ಭಯಕ್ಕೆ ಬಾಲ್ಯದೊಡನೆ ನಿಕಟವಾದ ಸಂಬಂಧವಿದೆ. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕನೆಯ ವಾರದವರೆಗಿನ ಅವಧಿಯಲ್ಲಿ ಮರಿ ಯಾರನ್ನು, ಯಾವುದನ್ನು ಕಂಡು ಪರಿಚಯಮಾಡಿಕೊಳ್ಳುವುದೋ ಅವುಗಳ ವಿಷಯದಲ್ಲಿ ಜನ್ಮಾಂತ್ಯದವರೆಗೆ ಧೈರ್ಯವಾಗಿರುತ್ತದೆ. ಅಮೆರಿಕದ ಮೇನ್ ಸಂಸ್ಥಾನದ ಬಾರ್ ಹಾರ್ಬರಿನ ಪ್ರಯೋಗಶಾಲೆಯಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ಐದು ತಳಿಗಳ ನಾಯಿಗಳನ್ನು ವರ್ಷಾನುಗಟ್ಟಲೆ ಸಾಕಿ, ಪರೀಕ್ಷಿಸಿ, 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕಾಲಾವಧಿಯನ್ನು ವಿಸ್ತಾರವಾಗಿ ವರ್ಣಿಸಿದ್ದಾರೆ. ಅದಕ್ಕೂ ಮೊದಲು, 1961ರಲ್ಲಿ ಪ್ರಕಟವಾದ ಒಂದು ಪ್ರಯೋಗದ ವಿವರ ಇನ್ನೂ ಸ್ವಾರಸ್ಯವಾಗಿದೆ. ಎತ್ತರವಾದ ಬೇಲಿಯೊಳಗಿನ ಬಯಲಿನಲ್ಲಿ ಮನುಷ್ಯರ ಸಂಪರ್ಕವಿಲ್ಲದಂತೆ ಮರಿಗಳನ್ನು ಬೆಳೆಯಿಸಿದರು. ಕೆಲವನ್ನು ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮಾತ್ರ ಹೊರತಂದು ಮನುಷ್ಯರೊಡನೆ ಆಡಬಿಟ್ಟರು. ಕೆಲವನ್ನು ಹದಿನಾಲ್ಕು ವಾರಗಳವರೆಗೆ ಮುಟ್ಟಲೇ ಇಲ್ಲ. ಮುಟ್ಟದೆ ಬಿಟ್ಟ ಮರಿಗಳು ಮನುಷ್ಯರನ್ನು ಕಂಡರೆ ಕಾಡುಮೃಗಗಳಂತೆ ಬೆದರುತ್ತಿದ್ದುವು. ತಾಯಿತಂದೆಗಳ ತಳಿ ಒಂದೇ ಆಗಿದ್ದರೂ ಬಾಲ್ಯದ ಅನುಭವದ ಅಂತರದಿಂದ ಒಂದು ಪಳಗಿದ ನಾಯಿಯಾಯಿತು, ಇನ್ನೊಂದು ಮನುಷ್ಯನಿಗೆ ಹೆದರುವ ನಾಯಿಯಾಯಿತು. ಮರಿಯನ್ನು ತಂದು, ಕಳ್ಳರಿಗೆ ಹೆದರಿಕೆ ಹುಟ್ಟಿಸಲೆಂದು, ಹೊರಗಿನವರ ಮುಖವನ್ನೇ ಕಾಣದಂತೆ ಹಿತ್ತಿಲಿನಲ್ಲಿ ಸರಪಳಿ ಹಾಕಿ ಬೆಳೆಸುವ ಪದ್ಧತಿ ನಮ್ಮಲ್ಲಿ ಸಾಮಾನ್ಯ. ಅರಿಯದೆಯೇ ನಾವು ಮೇಲಿನ ಪ್ರಯೋಗವನ್ನು ಮನೆಯಲ್ಲಿ ಪುನಃ ನಡೆಸುತ್ತಿರುತ್ತೇವೆ.

ತಳಿಗೂ ಸ್ವಭಾವಕ್ಕೂ ಏನೂ ಸಂಬಂಧವಿಲ್ಲವೆಂದು ಇದರ ಅರ್ಥವಲ್ಲ. ಕುರಿಕಾಯುವ ನಾಯಿಗೆ ಹಿಂಡನ್ನು ಸುತ್ತುವ ಚಟ ಹುಟ್ಟಿನಿಂದಲೇ ಬರುವುದು. ಆದರೆ ಆ ಸಂಬಂಧ ಎಷ್ಟು ಬಲವಾದದ್ದು? 2022ರಲ್ಲಿ ಅಮೆರಿಕದ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದು ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. 18,385 ನಾಯಿಗಳ ನಡತೆಯನ್ನು ಕುರಿತು ಅವುಗಳ ಒಡೆಯರಿಂದ ಉತ್ತರಗಳನ್ನು ಪಡೆದು, 2,155 ನಾಯಿಗಳ ಆನುವಂಶಿಕ ದ್ರವ್ಯವನ್ನು ಓದಿ ತಾಳೆನೋಡಿದಾಗ, ನಾಯಿ ನಾಯಿಗೂ ನಡತೆಯಲ್ಲಿ ಕಾಣುವ ಭೇದದಲ್ಲಿ ಸುಮಾರು ನೂರಕ್ಕೆ ಒಂಬತ್ತು ಪಾಲನ್ನು ಮಾತ್ರ ತಳಿಯಿಂದ ವಿವರಿಸಲು ಸಾಧ್ಯವಾಯಿತು. ಹೇಳಿದ ಮಾತನ್ನು ಕೇಳುವ ಗುಣದಲ್ಲಿ ತಳಿಯ ಪ್ರಭಾವ ಕೊಂಚ ಹೆಚ್ಚು. ಎಷ್ಟು ಸುಲಭವಾಗಿ ಕೆರಳುತ್ತದೆಂಬ ಗುಣದಲ್ಲಿ ತೀರ ಕಡಮೆ. ಕಟ್ಟಳೆ ಮಾಡುವವರಿಗೆ ಬೇಕಾದುದು ಈ ಎರಡನೆಯ ಗುಣವೇ ಎಂಬುದನ್ನು ಮರೆಯಬಾರದು.

ಹಾಗೆಂದು ತಳಿಯನ್ನು ನೋಡಬೇಕೆನ್ನುವವರ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಅವರು ಹೇಳುವುದೇನೆಂದರೆ: ಕೆರಳುವುದು ಬೇರೆ, ಕೆರಳಿದ ಮೇಲೆ ಮಾಡುವ ಅನಾಹುತ ಬೇರೆ. ಐದು ಕಿಲೋಗ್ರಾಂ ತೂಗುವ ಪೊಮರೇನಿಯನ್ ದಿನಕ್ಕೆ ಹತ್ತು ಸಲ ಕೆರಳಿದರೂ ಪಂಚೆ ಹರಿದೀತು. ಐವತ್ತು ಕಿಲೋಗ್ರಾಂ ತೂಗುವ ನಾಯಿ ಜನ್ಮದಲ್ಲಿ ಒಮ್ಮೆ ಕೆರಳಿದರೂ ಪ್ರಾಣ ಹೋದೀತು. ಕಚ್ಚಿದ್ದನ್ನು ಬಿಡದೆ ಜಗ್ಗುವಂತೆ, ನೋವಾದರೂ ಹಿಂಜರಿಯದಂತೆ, ನಾಯಿಜಗಳದ ಪಂದ್ಯಗಳಿಗಾಗಿಯೇ ಆರಿಸಿ ಬೆಳೆಸಿದ ವಂಶಗಳೂ ಉಂಟು. ಈ ಮಾತು ನ್ಯಾಯವಾದುದು. ಇಂಗ್ಲೆಂಡ್ ಹಿಡಿದ ದಾರಿಯ ಹಿಂದೆ ಇದ್ದುದೂ ಇದೇ ಆಲೋಚನೆ.

1991ರ ಮೇ ತಿಂಗಳಲ್ಲಿ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಆರು ವರ್ಷದ ಬಾಲಕಿಯೊಬ್ಬಳು ಪಿಟ್‌ಬುಲ್ ನಾಯಿಯ ಬಾಯಿಗೆ ಸಿಕ್ಕಿ ಘೋರವಾಗಿ ಗಾಯಗೊಂಡಳು. ದೇಶದಲ್ಲೆಲ್ಲ ಕೋಲಾಹಲವೆದ್ದಿತು. ಜುಲೈ ತಿಂಗಳಲ್ಲಿಯೇ ಅಪಾಯಕರ ನಾಯಿಗಳ ಕಾಯಿದೆ ಅಂಗೀಕೃತವಾಗಿ ಆಗಸ್ಟಿನಲ್ಲಿ ಜಾರಿಗೆ ಬಂದಿತು. ಪಿಟ್‌ಬುಲ್ ಟೆರಿಯರ್, ಜಪಾನಿನ ತೋಸಾ, ಡೋಗೊ ಅರ್ಜೆಂಟೀನೊ, ಫೀಲಾ ಬ್ರಸಿಲೈರೊ ಎಂಬ ನಾಲ್ಕು ಬಗೆಯ ನಾಯಿಗಳ ಸಾಕಣೆ ನಿಷಿದ್ಧವಾಯಿತು. ವಿನಾಯಿತಿ ಪಡೆದ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ, ಹೊರಗೆ ಬಂದಾಗ ಕೊರಳಿಗೆ ಹಗ್ಗ, ಒಕ್ಕಣೆಯ ಎತ್ತಿನ ಬಾಯಿಗೆ ಕಟ್ಟುವಂಥ ಕುಕ್ಕೆ, ಇವೆಲ್ಲ ಕಡ್ಡಾಯವಾದುವು.

ತೊಡಕು ಎದುರಾದುದು ಮರುದಿನದಿಂದಲೇ. ಪಿಟ್‌ಬುಲ್ ಎಂಬುದು ಇಂಗ್ಲೆಂಡಿನ ತಳಿಸಂಘದ ದಾಖಲೆಯಲ್ಲಿ ಇರುವ ತಳಿಯೇ ಅಲ್ಲ. ಒಡೆಯನು ತನ್ನದು ಮಿಶ್ರತಳಿಯೆಂದನು, ಪೊಲೀಸರು ಅಲ್ಲವೆಂದರು. ಕಾಯಿದೆಯಲ್ಲಿ ಬಳಸಿರುವ 'ಬಗೆ' ಎಂಬ ಮಾತು 'ತಳಿ' ಎಂಬುದಕ್ಕಿಂತ ವಿಶಾಲವಾದುದೆಂದು 1993ರಲ್ಲಿ ಉಚ್ಚ ನ್ಯಾಯಾಲಯ ತೀರ್ಪಿತ್ತಿತು. ಎಂದರೆ ನಾಯಿಯ ತಾಯಿತಂದೆ ಯಾರೆಂಬುದು ಮುಖ್ಯವಲ್ಲ. ಅದರ ತಲೆ, ಎದೆ, ಕಾಲು, ಬಾಲಗಳ ಅಳತೆ ಪಿಟ್‌ಬುಲ್ಲಿನ ಲಕ್ಷಣಗಳಿಗೆ ಬಹುಮಟ್ಟಿಗೆ ಹೊಂದಿದರೆ ಸಾಕು. ಹೀಗೆ ಯಾರನ್ನೂ ಕಚ್ಚದ ನಾಯಿಗಳು ತಲೆಯ ಆಕಾರದಿಂದಾಗಿ ಸೆರೆಯಾದುವು; ಆಕಾರ ಹೊಂದದ ಕಾರಣದಿಂದ ಬೇರೆ ನಾಯಿಗಳು ಕಾಯಿದೆಯ ಈ ಭಾಗಕ್ಕೆ ಸಿಕ್ಕದೆ ಉಳಿದುವು. ಮೊದಲು ಮರಣದಂಡನೆಯೇ ಕಡ್ಡಾಯವಾಗಿದ್ದುದನ್ನು 1997ರಲ್ಲಿ ಸಡಿಲಿಸಿ ನ್ಯಾಯಾಧೀಶರ ವಿವೇಚನೆಗೆ ಬಿಡಬೇಕಾಯಿತು.

ಆಕಾರವನ್ನು ನೋಡಿ ತಳಿಯನ್ನು ಹೇಳುವುದು ಎಷ್ಟು ಕಷ್ಟವೆಂಬುದಕ್ಕೆ 2015ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ಸಾಕ್ಷಿಯಾಗಿದೆ. ಅಮೆರಿಕದ ಫ್ಲಾರಿಡಾ ಸಂಸ್ಥಾನದಲ್ಲಿ ದಿನನಿತ್ಯವೂ ನಾಯಿಗಳೊಡನೆ ವ್ಯವಹರಿಸುವ ಪ್ರಾಣಿಶಾಲೆಗಳ ಸಿಬ್ಬಂದಿ, 120 ನಾಯಿಗಳಲ್ಲಿ 62ನ್ನು ಪಿಟ್‌ಬುಲ್ ಬಗೆಯವೆಂದು ಗುರುತಿಸಿದರು. ಡಿ.ಎನ್.ಎ. ಪರೀಕ್ಷೆಯಲ್ಲಿ ಹಾಗೆ ಕಂಡುಬಂದುವು 25 ಮಾತ್ರ. ಬಲ್ಲವರ ಕಣ್ಣೇ ಹೀಗಿರುವಾಗ ಪಟ್ಟಣದ ಜವಾನನ ಕಣ್ಣನ್ನು ಹೇಗೆ ನೆಚ್ಚುವುದು?

ನಿಷೇಧದಿಂದ ಇನ್ನೊಂದು ವಿಚಿತ್ರ ಪರಿಣಾಮವುಂಟಾಗುತ್ತದೆ. ಭಯಂಕರವಾದ ನಾಯಿಯನ್ನೇ ಸಾಕಬೇಕೆಂಬ ಆಸೆಯುಳ್ಳವನು, ಪಟ್ಟಿಯಲ್ಲಿರುವ ನಾಯಿ ಸಿಕ್ಕದಿದ್ದರೆ ಪಟ್ಟಿಯಲ್ಲಿ ಇಲ್ಲದ್ದನ್ನು ತರುತ್ತಾನೆ. ಬ್ರಿಟನ್ನಿನಲ್ಲಿ ಎಕ್ಸ್‌ಎಲ್ ಬುಲ್ಲಿ ಎಂಬ ದೈತ್ಯಾಕಾರದ ನಾಯಿಗಳು ಹೀಗೆಯೇ ಹಬ್ಬಿದುವು. ಅವುಗಳಿಂದ ಪ್ರಾಣಹಾನಿಯಾದ ಮೇಲೆ, 2023ರ ಕೊನೆಗೆ ಪಟ್ಟಿಗೆ ಐದನೆಯ ಹೆಸರು ಸೇರಿತು. 2024ರ ಫೆಬ್ರವರಿ 1ರಿಂದ ವಿನಾಯಿತಿಪತ್ರವಿಲ್ಲದೆ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಅವನ್ನು ಇಟ್ಟುಕೊಳ್ಳುವುದು ಅಪರಾಧವಾಯಿತು. ಇತ್ತ, ನೂರಕ್ಕೆ ಹತ್ತಿರದಷ್ಟು ತಳಿಗಳ ಪಟ್ಟಿಯನ್ನು 2003ರಲ್ಲಿ ಪ್ರಕಟಿಸಿದ್ದ ಇಟಲಿ 2009ರಲ್ಲಿ ಅದನ್ನು ಕೈಬಿಟ್ಟು, ನಾಯಿ ಯಾವುದೇ ಆಗಲಿ ಹೊಣೆ ಒಡೆಯನದೆಂಬ ನಿಯಮಕ್ಕೆ ಬಂದಿತು.

ಎರಡನೆಯ ದಾರಿಗೆ ಉದಾಹರಣೆಯಾಗಿ ಎಲ್ಲರೂ ಹೆಸರಿಸುವ ನಗರ ಕೆನಡಾ ದೇಶದ ಕ್ಯಾಲ್ಗರಿ. 2021ರಲ್ಲಿ ಹದಿಮೂರು ಲಕ್ಷದಷ್ಟು ಜನರಿದ್ದ ಆ ನಗರದ ಸಭೆ 2006ರಲ್ಲಿ 'ಹೊಣೆಯರಿತ ಪ್ರಾಣಿಪಾಲನೆಯ ಉಪನಿಯಮ'ವೆಂಬ ಕಟ್ಟಳೆಯನ್ನು ಅಂಗೀಕರಿಸಿತು. ಅದರಲ್ಲಿ ಒಂದು ತಳಿಯ ಹೆಸರೂ ನಿಷಿದ್ಧವೆಂದು ಬರುವುದಿಲ್ಲ. ಮೂರು ತಿಂಗಳು ತುಂಬಿದ ಪ್ರತಿಯೊಂದು ನಾಯಿಗೂ ಲೈಸೆನ್ಸು ಬೇಕು. ಸಂತಾನಹರಣ ಚಿಕಿತ್ಸೆಯಾದ ನಾಯಿಗೆ ಶುಲ್ಕ ಕಡಮೆ. ಹೀಗೆ ಬಂದ ಹಣ ನಗರಸಭೆಯ ಸಾಮಾನ್ಯ ಬೊಕ್ಕಸದಲ್ಲಿ ಕರಗಿಹೋಗದೆ ನಾಯಿಗಳ ವ್ಯವಸ್ಥೆಗೇ ವಿನಿಯೋಗವಾಗುತ್ತದೆ. ಕಳೆದುಹೋದ ನಾಯಿಯ ಕೊರಳಿನಲ್ಲಿ ಲೈಸೆನ್ಸಿನ ಬಿಲ್ಲೆ ಕಂಡರೆ ಅಧಿಕಾರಿಗಳು ಅದನ್ನು ದೊಡ್ಡಿಗೆ ಒಯ್ಯುವ ಬದಲು ಮನೆಗೇ ತಂದು ಬಿಡುವ ಏರ್ಪಾಟು ಮಾಡಿದರು. ಹಣ ಕೊಟ್ಟದ್ದಕ್ಕೆ ಏನು ಬಂತೆಂಬುದು ಒಡೆಯನಿಗೆ ಆಗ ಕಣ್ಣಿಗೆ ಕಾಣುತ್ತದೆ. ದಂಡದ ಹೆದರಿಕೆಯೊಂದರಿಂದಲೇ ಇಷ್ಟು ಮಂದಿ ತಾವಾಗಿ ಹೆಸರು ಬರೆಯಿಸುತ್ತಿದ್ದರೆಂದು ನನಗೆ ತೋರುವುದಿಲ್ಲ.

ನಾಯಿ ಬೆನ್ನಟ್ಟಿದರೆ ಒಂದು ದಂಡ, ಕಚ್ಚಿದರೆ ಬೇರೊಂದು, ಗಾಯ ತೀವ್ರವಾದರೆ ಇನ್ನೂ ದೊಡ್ಡದು. ಹೀಗೆ ತಪ್ಪಿನ ಮೆಟ್ಟಿಲುಗಳಿಗೆ ತಕ್ಕಂತೆ ದಂಡದ ಮೆಟ್ಟಿಲುಗಳು. ನಾಯಿಯ ನಡತೆಯನ್ನು ವಿಚಾರಣೆ ಮಾಡಿ ಅದು ದುಷ್ಟನಾಯಿಯೆಂದು ಘೋಷಿಸಿದರೆ ಒಡೆಯನ ಕರ್ತವ್ಯಗಳು ಬಹಳ ಬಿಗಿಯಾಗುವುವು. ಲೈಸೆನ್ಸಿನ ಶುಲ್ಕ ಹಲವು ಪಟ್ಟು ಹೆಚ್ಚುತ್ತದೆ. ಮನೆಯ ಅಂಗಳದಲ್ಲಿ ಬಿಡಬೇಕಾದರೆ, ಮೇಲೆ ಹಾರಲೂ ಕೆಳಗೆ ಅಗೆದು ನುಸುಳಲೂ ಆಗದಂತೆ ಕಟ್ಟಿ ಬೀಗ ಹಾಕಿದ ದೊಡ್ಡಿಯಲ್ಲಿರಬೇಕು. ಬೀದಿಗೆ ತಂದಾಗ ಬಾಯಿಗೆ ಕುಕ್ಕೆ. ಹಗ್ಗ ಹಿಡಿದವನು ಹದಿನೆಂಟು ವರ್ಷ ಮೀರಿದವನೇ ಆಗಿರಬೇಕು. ಮನೆಯ ಮುಂದೆ ಎಚ್ಚರಿಕೆಯ ಹಲಗೆ. ಈ ಲೇಖನದ ಆರಂಭದಲ್ಲಿ ಹೇಳಿದ ಹಲಗೆಗೂ ಇದಕ್ಕೂ ವ್ಯತ್ಯಾಸವಿದೆ: ಇಲ್ಲಿ ಹಲಗೆಯು ಬೇಲಿ, ಬೀಗ, ಕುಕ್ಕೆಗಳ ಜೊತೆಗೆ ಬರುತ್ತದೆಯೇ ಹೊರತು ಅವುಗಳಿಗೆ ಬದಲಾಗಿ ಅಲ್ಲ. 2022ರ ಜನವರಿಯಿಂದ ಜಾರಿಗೆ ಬಂದ ಹೊಸ ಉಪನಿಯಮ ಈ ಚೌಕಟ್ಟನ್ನೇ ಉಳಿಸಿಕೊಂಡಿದೆ.

ಕ್ಯಾಲ್ಗರಿಯನ್ನು ಹೊಗಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಆದರೆ 2022ರ ಜೂನ್ ತಿಂಗಳಲ್ಲಿ ಅದೇ ನಗರದಲ್ಲಿ, ತಮ್ಮ ಮನೆಯ ಹಿಂದಿನ ಓಣಿಯಲ್ಲಿದ್ದ ಎಂಬತ್ತಾರು ವರ್ಷದ ವೃದ್ಧೆಯೊಬ್ಬರನ್ನು ನೆರೆಮನೆಯಿಂದ ತಪ್ಪಿಸಿಕೊಂಡು ಬಂದ ಮೂರು ನಾಯಿಗಳು ಕಚ್ಚಿ ಕೊಂದುವು. ನಡತೆಯನ್ನು ಆಧರಿಸಿದ ಕಟ್ಟಳೆಯ ದುರ್ಬಲಸ್ಥಾನ ಇದೇ. ನಡತೆಯು ಹೊರಬೀಳುವವರೆಗೆ ಅದು ಕಾಯಬೇಕಾಗುತ್ತದೆ. ಮೊದಲನೆಯ ನಡತೆಯೇ ಕೊನೆಯದಾದರೆ ಏನು ಮಾಡುವುದು? ಇಂಗ್ಲೆಂಡಿನ ಹಳೆಯ 'ಉಚಿತ ಕಡಿತ' ಬೇರೊಂದು ಬಾಗಿಲಿನಿಂದ ಒಳಗೆ ಬಂದಂತಾಗುವುದಿಲ್ಲವೆ?

ಸ್ಕಾಟ್ಲೆಂಡಿನ ಶಾಸನಕರ್ತರು ಈ ಬಾಗಿಲನ್ನು ಮುಚ್ಚಲು ಒಂದು ಉಪಾಯವನ್ನು ಕಂಡುಕೊಂಡರು. ಅಲ್ಲಿನ 2010ರ ನಾಯಿನಿಯಂತ್ರಣ ಕಾಯಿದೆಯ ಪ್ರಕಾರ, ನಾಯಿ ಕಚ್ಚಲೇಬೇಕೆಂದಿಲ್ಲ. ಒಡೆಯನ ಹತೋಟಿ ತಪ್ಪಿದ ನಾಯಿಯ ವರ್ತನೆಯಿಂದ ಒಬ್ಬನಿಗೆ ಭಯವುಂಟಾಗಿ, ಆ ಭಯ ಸಕಾರಣವಾಗಿದ್ದರೆ, ಸ್ಥಳೀಯ ಸಂಸ್ಥೆಯ ಅಧಿಕಾರಿ ಒಡೆಯನಿಗೆ ನೋಟೀಸು ಕೊಡಬಹುದು. ಹಗ್ಗವಿಲ್ಲದೆ ಹೊರಗೆ ತರಬಾರದು, ಕುಕ್ಕೆ ಹಾಕಬೇಕು, ಸಂತಾನಹರಣ ಮಾಡಿಸಬೇಕು, ತರಬೇತಿಗೆ ಕರೆದೊಯ್ಯಬೇಕು ಎಂದು ಅದರಲ್ಲಿ ವಿಧಿಸಬಹುದು, ಮೀರಿದರೆ ಅಪರಾಧ. ನಾಯಿಯ ಮುನ್ಸೂಚನೆಗಳನ್ನು ಕುರಿತು ಮೇಲೆ ಹೇಳಿದ ಮಾತನ್ನು ವಾಚಕರು ಇಲ್ಲಿ ಜ್ಞಾಪಿಸಿಕೊಳ್ಳಬಹುದು. ಕಡಿತ ಕೊನೆಯ ಮೆಟ್ಟಿಲು. ಬೇಲಿಯ ಸಂದಿನಲ್ಲಿ ಹಲ್ಲು ತೋರಿಸುವ, ಸೈಕಲ್ಲನ್ನು ಬೆನ್ನಟ್ಟುವ ನಾಯಿ ಕೆಳಗಿನ ಮೆಟ್ಟಿಲಿನಲ್ಲಿಯೇ ನಮಗೆ ಸುದ್ದಿ ಕೊಡುತ್ತಿರುತ್ತದೆ. ಆ ಸುದ್ದಿಯನ್ನು ಕೇಳುವ ಕಿವಿ ಊರಿನ ಆಡಳಿತಕ್ಕೆ ಇರಬೇಕು, ದೂರನ್ನು ಬರೆದುಕೊಳ್ಳುವ ಪುಸ್ತಕವೊಂದಿರಬೇಕು. ನನ್ನ ಅಭಿಪ್ರಾಯದಲ್ಲಿ ತಳಿಗಳ ಪಟ್ಟಿಗಿಂತ ಈ ಪುಸ್ತಕ ಹೆಚ್ಚು ಬೆಲೆಯುಳ್ಳದ್ದು.

ಕುಕ್ಕೆಯ ವಿಷಯ ಬಂದುದರಿಂದ ಒಂದು ಮಾತು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬಾಯಿ ತೆರೆದು ನಾಲಗೆ ಚಾಚಿ ಏದುವುದರಿಂದಲೇ ಅದು ಮೈಯ ಕಾವನ್ನು ಹೊರಹಾಕಬೇಕು. ಬಟ್ಟೆಯಿಂದ ಬಾಯಿಯನ್ನು ಬಿಗಿದು ಕಟ್ಟಿದರೆ ರಾಯಚೂರಿನಂಥ ಊರಿನ ಬೇಸಗೆಯಲ್ಲಿ ಅದಕ್ಕೆ ಪ್ರಾಣಾಪಾಯ. ಬುಟ್ಟಿಯ ಆಕಾರದ ಕುಕ್ಕೆಯಲ್ಲಿ ಬಾಯಿ ತೆರೆಯಲೂ ನೀರು ಕುಡಿಯಲೂ ಎಡೆಯಿದ್ದು ಕಚ್ಚಲು ಮಾತ್ರ ಆಗುವುದಿಲ್ಲ.

ಕುಕ್ಕೆಗೆ ಇನ್ನೂ ದೊಡ್ಡ ಚರಿತ್ರೆಯೊಂದುಂಟು. ಹುಚ್ಚುನಾಯಿಯ ರೋಗವನ್ನು ಬ್ರಿಟನ್ ತನ್ನ ದ್ವೀಪದಿಂದ ಹೊರದೂಡಿದುದು ಮುಖ್ಯವಾಗಿ ಕುಕ್ಕೆಯಿಂದಲೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಾಯಿಗಳಿಗೆ ಕುಕ್ಕೆ ಹಾಕಿಸುವ ಅಧಿಕಾರ ಮೊದಲು ಸ್ಥಳೀಯ ಸಂಸ್ಥೆಗಳ ಕೈಯಲ್ಲಿತ್ತು. ಒಂದು ಜಿಲ್ಲೆಯಲ್ಲಿ ಕುಕ್ಕೆ, ಪಕ್ಕದ ಜಿಲ್ಲೆಯಲ್ಲಿ ಇಲ್ಲ. ರೋಗಕ್ಕೆ ಜಿಲ್ಲೆಯ ಗಡಿ ತಿಳಿಯದು. ವ್ಯವಸಾಯ ಇಲಾಖೆಯ ಮುಖ್ಯಸ್ಥರಾಗಿದ್ದ ವಾಲ್ಟರ್ ಲಾಂಗ್ ಎಂಬವರು ಜನರ ಬೈಗಳನ್ನು ಲೆಕ್ಕಿಸದೆ 1897ರಿಂದ ವಿಶಾಲವಾದ ಪ್ರದೇಶಗಳಿಗೆ ಒಂದೇ ಆಜ್ಞೆಯನ್ನು ವಿಧಿಸಿ, ಹೊರದೇಶದ ನಾಯಿಗಳನ್ನು ಪ್ರತ್ಯೇಕವಾಗಿರಿಸುವ ಏರ್ಪಾಟನ್ನೂ ಮಾಡಿದರು. 1902ರ ಹೊತ್ತಿಗೆ ರೋಗ ನಿರ್ಮೂಲವಾಯಿತು. ಮೊದಲನೆಯ ಮಹಾಯುದ್ಧದ ಕೊನೆಗೆ ಅದು ಮತ್ತೆ ಒಳಗೆ ನುಸುಳಿತು. 1922ರಲ್ಲಿ ಅದನ್ನು ಪುನಃ ಹೊರಹಾಕಿದರು.

ನಮ್ಮ ದೇಶದಲ್ಲಿ ಈ ರೋಗ ಇನ್ನೂ ಇದೆ. ಆದ್ದರಿಂದ ಇಲ್ಲಿ ಕಚ್ಚಿದ ನಾಯಿಯ ಒಡೆಯನಿಗೆ ಇರುವ ಕರ್ತವ್ಯ ಇಂಗ್ಲೆಂಡಿನವನಿಗೆ ಇರುವುದಕ್ಕಿಂತ ದೊಡ್ಡದು. ನಾಯಿಯನ್ನು ಅಡಗಿಸುವುದಾಗಲಿ, ಕೊಲ್ಲುವುದಾಗಲಿ, ದೂರ ಬಿಟ್ಟುಬರುವುದಾಗಲಿ ಕೂಡದು. ಹತ್ತು ದಿನ ಕಟ್ಟಿಹಾಕಿ ನೋಡುತ್ತಿರಬೇಕು. ಈ ಹತ್ತು ದಿನದ ಲೆಕ್ಕ ಎಲ್ಲಿಂದ ಬಂತು? ರೋಗದ ವೈರಸ್ಸು ಕಚ್ಚಿಸಿಕೊಂಡ ಪ್ರಾಣಿಯ ನರಗಳ ಗುಂಟ ಮಿದುಳಿಗೆ ಏರಿ, ಅಲ್ಲಿಂದ ಜೊಲ್ಲಿನ ಗ್ರಂಥಿಗಳಿಗೆ ಇಳಿಯುತ್ತದೆ. ಜೊಲ್ಲಿನಲ್ಲಿ ಅದು ಕಾಣಿಸಿಕೊಂಡ ಕೆಲವೇ ದಿನಗಳಲ್ಲಿ ರೋಗಲಕ್ಷಣಗಳು ಹೊರಬಿದ್ದು ನಾಯಿ ಸಾಯುತ್ತದೆ. ಕಚ್ಚಿದ ಹತ್ತು ದಿನಗಳ ಮೇಲೂ ನಾಯಿ ಆರೋಗ್ಯವಾಗಿದ್ದರೆ, ಕಚ್ಚಿದ ಗಳಿಗೆಯಲ್ಲಿ ಅದರ ಜೊಲ್ಲಿನಲ್ಲಿ ವೈರಸ್ಸು ಇರಲಿಲ್ಲವೆಂದೇ ಅರ್ಥ. ಆದರೆ ಕಚ್ಚಿಸಿಕೊಂಡವನು ಈ ಹತ್ತು ದಿನ ಕಾಯತಕ್ಕದ್ದಲ್ಲ. ಗಾಯವನ್ನು ಆ ಕ್ಷಣದಲ್ಲಿಯೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ವೈದ್ಯರ ಬಳಿಗೆ ಹೋಗಿ ಲಸಿಕೆಯನ್ನು ಆರಂಭಿಸಬೇಕು. ನಾಯಿ ಉಳಿದರೆ ಮುಂದಿನ ಚುಚ್ಚುಮದ್ದುಗಳನ್ನು ನಿಲ್ಲಿಸುವ ವಿಚಾರವನ್ನು ವೈದ್ಯರು ನೋಡಿಕೊಳ್ಳುತ್ತಾರೆ. ಲಕ್ಷಣಗಳು ತೋರಿದ ಮೇಲೆ ಈ ರೋಗದಿಂದ ಬದುಕಿದವರು ಇಲ್ಲವೆನ್ನುವಷ್ಟು ವಿರಳ.

ತಳಿಯ ದಾರಿಯನ್ನು ಹಿಡಿಯುವ ಪ್ರಯತ್ನ ಇತ್ತೀಚೆಗೆ ನಮ್ಮಲ್ಲಿಯೂ ನಡೆಯಿತು. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರದ ಪಶುಸಂಗೋಪನ ಇಲಾಖೆ, ಪಿಟ್‌ಬುಲ್, ರಾಟ್‌ವೈಲರ್, ತೋಸಾ ಮೊದಲಾದ 23 ತಳಿಗಳ ಆಮದು, ಮಾರಾಟ, ಸಂತಾನೋತ್ಪತ್ತಿಗಳಿಗೆ ಲೈಸೆನ್ಸು ಕೊಡಬಾರದೆಂದು ರಾಜ್ಯಗಳಿಗೆ ಸುತ್ತೋಲೆ ಕಳುಹಿಸಿತು. ಬೆಂಗಳೂರಿನಲ್ಲಿ ಇದನ್ನು ಪ್ರಶ್ನಿಸಲಾಯಿತು. ಸಂಬಂಧಪಟ್ಟವರ ಮಾತನ್ನು ಕೇಳದೆ, ನಿಯಮಾನುಸಾರವಾದ ಸಮಿತಿಯಿಲ್ಲದೆ ಇದನ್ನು ಹೊರಡಿಸಲಾಗಿದೆಯೆಂಬ ಕಾರಣದಿಂದ ಕರ್ನಾಟಕ ಉಚ್ಚ ನ್ಯಾಯಾಲಯ 2024ರ ಏಪ್ರಿಲ್ 10ರಂದು ಸುತ್ತೋಲೆಯನ್ನು ರದ್ದುಗೊಳಿಸಿತು. ಅದರ ಜೊತೆಯಲ್ಲಿಯೇ, ಗಾಯಗೊಂಡವನ ಚಿಕಿತ್ಸೆಯ ಪೂರ್ಣ ವೆಚ್ಚವನ್ನು ನಾಯಿಯ ಒಡೆಯನೇ ಭರಿಸಬೇಕು, ನಷ್ಟಪರಿಹಾರ ಅದಕ್ಕೆ ಬೇರೆ ಎಂಬ ಅಭಿಪ್ರಾಯವನ್ನೂ ನ್ಯಾಯಾಲಯ ಸೂಚಿಸಿತು. ನಿಯಮಾನುಸಾರವಾಗಿ ಹೊಸ ಪಟ್ಟಿಯನ್ನು ಮಾಡುವ ದಾರಿ ಇದರಿಂದ ಮುಚ್ಚಲಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯಸಂಹಿತೆಯ 291ನೆಯ ಕಲಮು, ತನ್ನ ವಶದಲ್ಲಿರುವ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ಸಾಕಷ್ಟು ಎಚ್ಚರ ವಹಿಸದವನಿಗೆ ಆರು ತಿಂಗಳವರೆಗೆ ಸೆರೆವಾಸವನ್ನಾಗಲಿ, ಐದು ಸಾವಿರ ರೂಪಾಯಿಗಳವರೆಗೆ ದಂಡವನ್ನಾಗಲಿ, ಎರಡನ್ನೂ ಆಗಲಿ ವಿಧಿಸುತ್ತದೆ. ಹಳೆಯ ದಂಡಸಂಹಿತೆಯಲ್ಲಿ ದಂಡ ಸಾವಿರ ರೂಪಾಯಿಗಳಾಗಿತ್ತು. ಇಲ್ಲಿಯೂ ತಳಿಯ ಪ್ರಸ್ತಾಪವಿಲ್ಲ. ಆದರೆ ಅನಾಹುತವಾದ ಮೇಲೆ ಪೊಲೀಸು ಠಾಣೆಯಲ್ಲಿ ನೆನಪಿಗೆ ಬರುವ ಕಲಮು ಇದು. ಬೇಲಿ, ಬೀಗ, ಕುಕ್ಕೆ, ಲೈಸೆನ್ಸುಗಳ ಮೂಲಕ ಅನಾಹುತಕ್ಕೆ ಮುಂಚೆಯೇ ಕೆಲಸಮಾಡಬೇಕಾದುದು ಊರಿನ ಕಟ್ಟಳೆ.

ಇಂಥ ಕಟ್ಟಳೆ ನಮ್ಮ ಊರುಗಳಲ್ಲಿ ನಡೆಯಬೇಕಾದರೆ ಕ್ಯಾಲ್ಗರಿಯಲ್ಲಿ ಇಲ್ಲದ ತೊಡಕೊಂದನ್ನು ಎದುರಿಸಬೇಕು. ಒಡೆಯರೇ ಇಲ್ಲದ ಬೀದಿನಾಯಿಗಳ ಸಮಸ್ಯೆ ಬೇರೆಯೇ ಆದುದು. ಅವುಗಳಿಗೆ ಸಂತಾನಹರಣ ಮಾಡಿ ಲಸಿಕೆ ಹಾಕುವ ವಿಧಾನವನ್ನು 2023ರ ಕೇಂದ್ರ ನಿಯಮಗಳು ಹೇಳುತ್ತವೆ. ಮನೆಯ ನಾಯಿಗೂ ಬೀದಿಯ ನಾಯಿಗೂ ನಡುವೆ ನಮ್ಮಲ್ಲಿ ಇನ್ನೊಂದು ದೊಡ್ಡ ವರ್ಗವಿದೆ. ಅದು ರಾತ್ರಿ ಒಂದು ಮನೆಯ ಜಗಲಿಯಲ್ಲಿ ಮಲಗುತ್ತದೆ, ಆ ಮನೆಯ ಅನ್ನವನ್ನೇ ತಿನ್ನುತ್ತದೆ, ಕರೆದರೆ ಬಾಲವಾಡಿಸಿಕೊಂಡು ಬರುತ್ತದೆ. ಬೆಳಗಾದರೆ ಬೀದಿಗೆ ಹೊರಡುತ್ತದೆ. ಅದು ಕಳ್ಳನನ್ನು ಹಿಡಿದ ದಿನ "ನಮ್ಮ ನಾಯಿ" ಎನ್ನುವ ಮನೆಯವರು, ಪಕ್ಕದ ಮನೆಯ ಹುಡುಗನನ್ನು ಕಚ್ಚಿದ ದಿನ "ಯಾವುದೋ ಬೀದಿನಾಯಿ, ಒಂದು ಹಿಡಿ ಅನ್ನ ಹಾಕುತ್ತಿದ್ದೆವು ಅಷ್ಟೆ" ಎನ್ನುತ್ತಾರೆ. ಹುಡುಗನ ತಂದೆ ಚಿಕಿತ್ಸೆಯ ಖರ್ಚನ್ನು ಯಾರನ್ನು ಕೇಳಬೇಕು? ಹತ್ತು ದಿನ ಅದನ್ನು ಕಟ್ಟಿಹಾಕಿ ನೋಡುವವರು ಯಾರು? ನಾಯಿಯ ಕೊರಳಿನಲ್ಲಿ ನಗರಸಭೆಯ ನಂಬರಿರುವ ತಗಡಿನ ಬಿಲ್ಲೆಯೊಂದಿದ್ದರೆ ಈ ಎರಡು ಪ್ರಶ್ನೆಗಳಿಗೂ ಉತ್ತರ ಆ ಬಿಲ್ಲೆಯ ಮೇಲೆಯೇ ಇರುತ್ತದೆ.